ಮೀನುಮರಿ ಹೊಂಡಕ್ಕೆ ನೀರು ಪರೀಕ್ಷೆ ಕಿಟ್: ಆಕ್ಸಿಜನ್‌ಗೆ ಪೂರ್ತಿ ಅಂಕ, ಅಮೋನಿಯಾ ಚಾರ್ಟ್ ಒಂದನ್ನೇ ನಂಬಬೇಡಿ

ಈ ಕಿಟ್‌ನಲ್ಲಿ ಏನೇನು ಬರುತ್ತದೆ ಎನ್ನುವುದು ಡಬ್ಬಿಯ ಮೇಲೇ ಇದೆ, ಅದನ್ನು ಬಿಡೋಣ. ಕಲಬುರಗಿ, ಯಾದಗಿರಿ ಕಡೆಯ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬೆರಳುದ್ದ ಬೆಳೆಸಿ ಮಾರುವವರಿಗೆ ಇದು ಹಂಗಾಮಿನಿಂದ ಹಂಗಾಮಿಗೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎನ್ನುವುದಷ್ಟೇ ಇಲ್ಲಿ.

ಇದರಲ್ಲಿ ದುಡ್ಡಿಗೆ ಮೋಸವಿಲ್ಲದ ಭಾಗ ಆಕ್ಸಿಜನ್ ಪರೀಕ್ಷೆ. ಅದನ್ನು ನಸುಕಿನಲ್ಲೇ ಮಾಡಬೇಕು. ರಾತ್ರಿಯಿಡೀ ಮರಿಗಳು, ಪಾಚಿ, ತಳದ ಕೆಸರು ಎಲ್ಲ ಸೇರಿ ಆಕ್ಸಿಜನ್ ಬಳಸಿರುತ್ತವೆ. ಬಿಸಿಲಿಲ್ಲದೆ ಪಾಚಿ ಹೊಸದನ್ನು ಕೊಟ್ಟಿರುವುದಿಲ್ಲ. ಮಧ್ಯಾಹ್ನ ಅಳೆದು ಲೀಟರಿಗೆ 8 ಮಿ.ಗ್ರಾಂ. ಬಂತೆಂದು ಹಿಗ್ಗಿದರೆ ಮರುದಿನ ಮುಂಜಾನೆ ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತಿರುತ್ತವೆ.

ಬಾಟಲಿಯನ್ನು ಒಂದು ಅಡಿ ಆಳಕ್ಕೆ ಮುಳುಗಿಸಿ, ನೀರಿನೊಳಗೇ ಬಿರಡೆ ಹಾಕಿ. ಒಂದು ಗುಳ್ಳೆ ಉಳಿದರೂ ಅಂಕಿ ಸುಳ್ಳೇ ಏರುತ್ತದೆ. ಮ್ಯಾಂಗನೀಸ್ ದ್ರಾವಣ, ಅದರ ಹಿಂದೆಯೇ ಕ್ಷಾರ ಅಯೋಡೈಡ್ ಹಾಕಿ, ಬಿರಡೆ ಮುಚ್ಚಿ ನಾಲ್ಕಾರು ಸಲ ತಲೆಕೆಳಗು ಮಾಡಿದರೆ ಮಡ್ಡಿ ಕಟ್ಟುತ್ತದೆ. ಅರ್ಧ ಉತ್ತರ ಇಲ್ಲೇ ಸಿಕ್ಕಿತು: ಗಾಢ ಕಂದು ಇದ್ದರೆ ಆಕ್ಸಿಜನ್ ಚೆನ್ನಾಗಿದೆ, ತಿಳಿ ಕಂದಾದರೆ ಕಡಿಮೆ, ಮಡ್ಡಿ ಬೆಳ್ಳಗಿದ್ದರೆ ಮೊದಲು ಓಡಿಹೋಗಿ ಪಂಪ್ ಹಾಕಿ ನೀರು ಚಿಮ್ಮಿಸಿ, ಉಳಿದ ಪರೀಕ್ಷೆ ಆಮೇಲೆ. ಮೂರನೆಯದು ಗಂಧಕಾಮ್ಲ, ಕೈಗವಸು ಬೇಕೇ ಬೇಕು. ಅದು ಬಿದ್ದೊಡನೆ ಮಡ್ಡಿ ಕರಗಿ ಹಳದಿಯಾಗುತ್ತದೆ, ಪಿಷ್ಟ ಬಿದ್ದೊಡನೆ ಕಡು ನೀಲಿ. ಕೊನೆಯ ಬಾಟಲಿಯಿಂದ ಹನಿಹನಿಯಾಗಿ ಎಣಿಸುತ್ತ ಹೋದರೆ ಒಂದು ಹನಿಗೆ ನೀಲಿ ಪೂರ್ತಿ ಮಾಯವಾಗುತ್ತದೆ; ಅಲ್ಲಿಯವರೆಗಿನ ಹನಿಗಳ ಎಣಿಕೆಯಿಂದಲೇ ಅಂಕಿ ಸಿಗುತ್ತದೆ. ಬಣ್ಣ ಹೋಲಿಸಿ ಊಹಿಸುವುದು ಏನೂ ಇಲ್ಲದ್ದರಿಂದ ಯಾರು ಮಾಡಿದರೂ ಅಂಕಿ ಒಂದೇ. ಲೀಟರಿಗೆ 5 ಮಿ.ಗ್ರಾಂ. ಮೇಲಿದ್ದರೆ ನಿಶ್ಚಿಂತೆ, 3ಕ್ಕೆ ಇಳಿದರೆ ಆ ದಿನ ಮೇವು ಬಂದ್. ನೀರಿನ ಆಕ್ಸಿಜನ್ ನೇರವಾಗಿ ತೋರಿಸುವ ಒಳ್ಳೆಯ ಡಿಒ ಮೀಟರ್ ಹತ್ತು ಸಾವಿರ ದಾಟುತ್ತದೆ. ಒಂದೆರಡು ಹೊಂಡ ಇರುವವರಿಗೆ ಈ ಬಾಟಲಿಯೇ ಸಾಕು.

ನಮ್ಮ ಬೇಸಿಗೆಗೆ ಮೊದಲು ಕೆಡುವುದು ಪಿಷ್ಟದ ದ್ರಾವಣ. ನೀಲಿಯ ಬದಲು ಕೆಂಪು ಮಿಶ್ರಿತ ನೇರಳೆ ಬಂದರೆ ಅದನ್ನು ಚೆಲ್ಲಿ. 1 ಗ್ರಾಂ ಪಿಷ್ಟವನ್ನು ತಣ್ಣೀರಲ್ಲಿ ಕಲಸಿ, ಕುದಿಯುವ 100 ಮಿ.ಲೀ. ನೀರಿಗೆ ಸುರಿದು ಆರಿಸಿದರೆ ಹೊಸದು ಸಿದ್ಧ. ಫ್ರಿಜ್‌ನಲ್ಲಿ ಕೆಲವು ದಿನ ಬರುತ್ತದೆ. ಕಿಟ್ಟನ್ನು ತಗಡಿನ ಶೆಡ್‌ನಲ್ಲಿ ಇಡಲೇಬೇಡಿ.

ಇಷ್ಟು ಹೊಗಳಿದ ಮೇಲೆ ಅಮೋನಿಯಾ ಭಾಗಕ್ಕೆ ಬಂದರೆ ಸಿಟ್ಟು ಬರುತ್ತದೆ. ಜೊತೆಗಿರುವ ಚೀಟಿಯಲ್ಲಿ ‘1 ಮಿ.ಗ್ರಾಂ.ವರೆಗೆ ಸುರಕ್ಷಿತ’ ಎಂದು ಒಂದೇ ಸಾಲು. ಆದರೆ ಬಣ್ಣ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಅಯಾನಾಗದೆ ಉಳಿದ ಅಂಶವೇ ಕಿವಿರು ಸುಡುವ ವಿಷ, ಅದರ ಪಾಲು ನಿಂತಿರುವುದು ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂದು ತೋರಿಸುವ ಅಳತೆ) ಮತ್ತು ಬಿಸಿಯ ಮೇಲೆ. 30 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇ. 1ಕ್ಕೂ ಕಡಿಮೆ, 8ಕ್ಕೆ ಶೇ. 7ರ ಆಸುಪಾಸು, 9ಕ್ಕೆ ಶೇ. 45ರ ಹತ್ತಿರ. ಚಾರ್ಟ್‌ನಲ್ಲಿ ಅದೇ 0.5 ಇರುವಾಗ ಪಿಎಚ್ 8ರಲ್ಲಿ ವಿಷ 0.04 ಮಿ.ಗ್ರಾಂ., ಪಿಎಚ್ 9ರಲ್ಲಿ 0.22. ಎಳೆ ಮರಿಗಳಿಗೆ 0.05 ದಾಟಿದರೇ ತೊಂದರೆ. ನೀರು ಹಸಿರಾದ ಹೊಂಡದಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮಧ್ಯಾಹ್ನ ಮೂರರ ಹೊತ್ತಿಗೆ ಪಿಎಚ್ 9 ಮುಟ್ಟುವುದು ಮಾಮೂಲು. ಮಳೆನೀರಷ್ಟೇ ತುಂಬಿದ, ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕ್ಷಾರತೆ (ಪಿಎಚ್ ಅಲುಗದಂತೆ ಹಿಡಿದಿಡುವ ಶಕ್ತಿ) ಕಡಿಮೆ ಇರುವುದರಿಂದ ಈ ಏರಿಳಿತ ಇನ್ನೂ ಜೋರು. ಅಂದರೆ ಆಕ್ಸಿಜನ್ ಮುಂಜಾನೆ, ಅಮೋನಿಯಾ ಮತ್ತು ಪಿಎಚ್ ಮಧ್ಯಾಹ್ನ. ಈ ಒಂದು ಮಾತು ಚೀಟಿಯಲ್ಲಿ ಎಲ್ಲೂ ಇಲ್ಲ. ಮರಿ ಸತ್ತ ಮೇಲೆ ರೈತ ಮರಿ ಕೊಟ್ಟವರನ್ನು ಬೈಯುತ್ತಾನೆ.

ಕಿಟ್‌ನ ಪಿಎಚ್ ಬಣ್ಣವೂ 8.5 ದಾಟಿದ ಮೇಲೆ ಕೈಕೊಡುತ್ತದೆ. ನೀಲಿ ಯಾವುದು, ನೇರಳೆ ಯಾವುದು ಎಂದು ಗೊತ್ತಾಗುವುದಿಲ್ಲ. ಅಪಾಯ ಶುರುವಾಗುವುದೇ ಅಲ್ಲಿಂದ. ಕೆಲವು ನೂರು ರೂಪಾಯಿಯ ಪಿಎಚ್ ಪೆನ್ ಬೇರೆ ಕೊಳ್ಳಿ, 6.86 ಮತ್ತು 9.18ರ ಬಫರ್ ಪುಡಿಯಿಂದ ಸರಿಹೊಂದಿಸಿಕೊಳ್ಳಿ.

ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ನೆಲದವರಿಗೆ ಇನ್ನೊಂದು ಮಾತು. ಅಲ್ಲಿಯ ಬೋರ್ ನೀರು ಗಡಸು, ಅಮೋನಿಯಾ ಪರೀಕ್ಷೆಯ ನೆಸ್ಲರ್ ದ್ರಾವಣ ಬಿದ್ದರೆ ಕದಡಿ ಬಣ್ಣವೇ ಕಾಣದಂತಾಗಬಹುದು. ರೋಶೆಲ್ ಉಪ್ಪಿನ ದ್ರಾವಣ ಮೊದಲು ಹಾಕಬೇಕು. ಅದು ಕಿಟ್‌ನಲ್ಲಿಲ್ಲದಿದ್ದರೆ ನೆಸ್ಲರ್ ಬದಲು ಸ್ಯಾಲಿಸಿಲೇಟ್ ಬಳಸುವ ಬಗೆಯ ಅಮೋನಿಯಾ ಪರೀಕ್ಷೆಯನ್ನೇ ಕೇಳಿ ತನ್ನಿ. ಎರೆಮಣ್ಣಿನ ಕಲಕು ನೀರಾದರೆ ಫಿಲ್ಟರ್ ಕಾಗದದಲ್ಲಿ ಸೋಸಿ ಪರೀಕ್ಷಿಸಿ.

ಅಮೋನಿಯಾ ಏರಿದಾಗ ಶೇಂಗಾ ಹಿಂಡಿ, ತೌಡಿನ ಮೇವು ನಿಲ್ಲಿಸಿ, ಕಾಲುಭಾಗ ನೀರು ಬದಲಿಸಿ. ಬೋರ್ ನೀರಾದರೆ ಎತ್ತರದಿಂದ ಬೀಳಿಸಿ. ಅದರಲ್ಲಿ ಆಕ್ಸಿಜನ್ ಇರುವುದೇ ಕಡಿಮೆ. ಆ ಹೊತ್ತಿಗೆ ಸುಣ್ಣ ಮಾತ್ರ ಬೇಡ, ಪಿಎಚ್ ಏರಿಸಿ ಇದ್ದ ಅಮೋನಿಯಾವನ್ನೇ ವಿಷ ಮಾಡುತ್ತದೆ.

ಇಷ್ಟೆಲ್ಲ ದೂರಿದರೂ ಕಿಟ್ ಬಿಡದಿರಲು ಕಾರಣ ಮರಿ ಬಿಡುವ ದಿನ. ದೂರದಿಂದ ಮರಿ ತುಂಬಿ ಬಂದ ಚೀಲದ ನೀರಲ್ಲಿ ಅಮೋನಿಯಾ ಕೂಡಿರುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ವಿಷ ತಡೆದಿರುತ್ತದೆ. ಪಿಎಚ್ 9ರ ಹೊಂಡದ ನೀರನ್ನು ಒಮ್ಮೆಲೇ ಸುರಿದರೆ ಚೀಲದೊಳಗೇ ಅದು ವಿಷವಾಗುತ್ತದೆ. ಎರಡೂ ನೀರಿನ ಪಿಎಚ್ ನೋಡಿ. ಚೀಲವನ್ನು 15–20 ನಿಮಿಷ ತೇಲಿಬಿಟ್ಟು ಬಿಸಿ ಸಮ ಮಾಡಿ. ಪಿಎಚ್ ಅಂತರ ದೊಡ್ಡದಿದ್ದರೆ ಮಧ್ಯಾಹ್ನ ಬಿಡಬೇಡಿ, ಹೊಂಡದ ಪಿಎಚ್ ಇಳಿದಿರುವ ಮುಂಜಾನೆಗೆ ಗಾಡಿ ಬರುವಂತೆ ಮೊದಲೇ ಹೇಳಿ.

ಕೊಳ್ಳುವುದಾದರೆ ಜೂನ್‌ಗೆ ಮುಂಚೆ ಕೊಳ್ಳಿ, ಪ್ರತಿ ಬಾಟಲಿಯ ಅವಧಿ ದಿನಾಂಕ ನೋಡಿ. ಅಮೋನಿಯಾ ಬಾಟಲಿ ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ; ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅದೇ.