ಶಿರಸಿಯಿಂದ ಗೋಕರ್ಣಕ್ಕೆ ಮೂರು ದಿನ ಸೈಕಲ್ ಮೇಲೆ: ದಾರಿ ಆರಿಸಿದವರಿಗೆ ಮೆಚ್ಚುಗೆ, ಬ್ರೇಕಿನ ಬಗ್ಗೆ ತಕರಾರು

ಫೆಬ್ರವರಿಯ ಮೊದಲ ವಾರದಲ್ಲಿ ನಾನು, ನನ್ನ ಭಾವ ಮತ್ತು ಇನ್ನೂ ನಾಲ್ವರು, ಜಿಲ್ಲೆಯಲ್ಲಿ ಸೈಕಲ್ ಪ್ರವಾಸ ಏರ್ಪಡಿಸುವ ಒಂದು ಸಣ್ಣ ತಂಡದೊಂದಿಗೆ ಶಿರಸಿಯಿಂದ ಗೋಕರ್ಣದವರೆಗೆ ಹೋಗಿ ಬಂದೆವು. ತಲೆಗೆ 6,500 ರೂಪಾಯಿ ಕೊಟ್ಟೆವು. ಸೈಕಲ್ ಬಾಡಿಗೆ, ಹೆಲ್ಮೆಟ್, ಎರಡು ರಾತ್ರಿಯ ವಸತಿ, ಊಟ-ತಿಂಡಿ, ಚೀಲಗಳನ್ನು ಹೊತ್ತು ಹಿಂದೆ ಬರುವ ಜೀಪು, ಎಲ್ಲವೂ ಅದರಲ್ಲೇ ಸೇರಿದ್ದವು. ನಾನು ಶಿರಸಿಯಲ್ಲಿ ಹುಟ್ಟಿ ಬೆಳೆದವಳು, ನೌಕರಿಯ ನಿಮಿತ್ತ ಕಾರವಾರದಲ್ಲಿದ್ದೇನೆ. ಈ ಎರಡು ಊರುಗಳ ನಡುವೆ ಎಷ್ಟು ಸಲ ಬಸ್ಸಿನಲ್ಲಿ ಓಡಾಡಿದ್ದೇನೋ ಲೆಕ್ಕವಿಲ್ಲ. ಹೊಸದಾಗಿ ನೋಡುವುದಕ್ಕೆ ಏನಿದೆ ಎಂಬ ಅನುಮಾನದಿಂದಲೇ ಹೊರಟಿದ್ದೆ. ಆ ಅನುಮಾನ ಮೊದಲ ದಿನವೇ ಹೋಯಿತು.

ನಮ್ಮ ಕಡೆ ಸೈಕಲ್ ಪ್ರವಾಸವೆಂದರೆ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಕಾರವಾರದಿಂದ ಭಟ್ಕಳದತ್ತ ಸಾಗುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಹೆದ್ದಾರಿಯಲ್ಲಿ ಕಡಲು ಕಣ್ಣಿಗೆ ಬೀಳುವುದು ಕೆಲವೇ ಕಡೆ, ಉಳಿದ ಹೊತ್ತೆಲ್ಲ ಲಾರಿಗಳ ಗಾಳಿಗೆ ಹ್ಯಾಂಡಲ್ ಅಲುಗದಂತೆ ಹಿಡಿದುಕೊಳ್ಳುವುದೇ ಕೆಲಸವಾಗುತ್ತದೆ. ಈ ತಂಡದವರು ಹೆದ್ದಾರಿಯನ್ನು ಆದಷ್ಟು ದೂರವಿಟ್ಟು, ನೀರನ್ನು ಅನುಸರಿಸಿ ದಾರಿ ಹಾಕಿಕೊಂಡಿದ್ದಾರೆ. ಅಘನಾಶಿನಿ ನದಿಯ ಮೂಲಗಳಲ್ಲೊಂದಾದ, ಶಿರಸಿ ಪೇಟೆಯಲ್ಲಿರುವ ಶಂಕರಹೊಂಡದ ಎದುರು ನಮ್ಮನ್ನು ನಿಲ್ಲಿಸಿ, ಮೂರನೆಯ ದಿನ ಇದೇ ನೀರನ್ನು, ನದಿ ಕಡಲು ಸೇರುವ ಅಳಿವೆಯಲ್ಲಿ ದೋಣಿಯ ಮೇಲೆ ದಾಟುತ್ತೀರಿ ಎಂದು ದಾರಿ ತೋರಿಸುವ ಹುಡುಗ ಹೇಳಿದಾಗ, ಚಿಕ್ಕಂದಿನಿಂದ ದಿನವೂ ಕಂಡ ಹೊಂಡವನ್ನು ನಾನು ಇನ್ನೊಮ್ಮೆ ತಿರುಗಿ ನೋಡಿದೆ.

ಮೊದಲ ದಿನದ ದಾರಿ ಮಾತ್ರ ಅಘನಾಶಿನಿಗೆ ಬೆನ್ನು ಹಾಕಿ ಪೂರ್ವಕ್ಕೆ, ಬನವಾಸಿಯತ್ತ ಹೋಗುತ್ತದೆ. ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿಲೋಮೀಟರ್. ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳು ಹಿಂದೆ ಸರಿದು ಗದ್ದೆ ಬಯಲು ತೆರೆದುಕೊಳ್ಳುವ ಆ ಬದಲಾವಣೆ ಬಸ್ಸಿನಲ್ಲಿ ಕೂತವರಿಗೆ ತಿಳಿಯುವುದಿಲ್ಲ, ಪೆಡಲು ತುಳಿಯುವವರಿಗೆ ತಿಳಿಯುತ್ತದೆ. ಬನವಾಸಿಯ ವರದೆ ತುಂಗಭದ್ರೆಯನ್ನು ಸೇರಿ ಮೂಡಣ ಕಡಲಿಗೆ ಹೋಗುವ ನದಿ, ಅಘನಾಶಿನಿ ಪಡುವಣ ಕಡಲಿಗೆ ಇಳಿಯುವ ನದಿ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಿದ್ದು ಜಾಣತನ. ಮಧುಕೇಶ್ವರ ದೇವಸ್ಥಾನ ನೋಡಿಕೊಂಡು, ಅಲ್ಲಿಂದ ಅನತಿ ದೂರದ ಗುಡ್ನಾಪುರ ಕೆರೆಗೆ ಹೋದೆವು. ಕದಂಬ ದೊರೆ ರವಿವರ್ಮನ ಶಾಸನ ಸಿಕ್ಕಿದ ಊರು ಅದು. ಕೆರೆ ಎಷ್ಟು ವಿಶಾಲವೆಂದರೆ ಆಚೆ ದಡದ ಮರಗಳು ಒಂದು ಕಪ್ಪು ಗೆರೆಯಂತೆ ಕಾಣುತ್ತವೆ. ಸೈಕಲ್ಲುಗಳನ್ನು ನೆರಳಿಗೆ ನಿಲ್ಲಿಸಿ ಅರ್ಧ ತಾಸು ಯಾರೂ ಮಾತಾಡದೆ ಕೂತೆವು. ನೀರುಕಾಗೆಯೊಂದು ಗೂಟದ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು, ನಾವು ಏಳುವವರೆಗೂ ಅದು ಕದಲಲಿಲ್ಲ. ಆದರೆ ಹೋದ ದಾರಿಯಲ್ಲೇ ಶಿರಸಿಗೆ ಮರಳಿಸುವ ಏರ್ಪಾಡು ನನಗೆ ಸರಿಕಾಣಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕಂಡದ್ದನ್ನೇ ಕಾಣುತ್ತಾ ತುಳಿಯುವುದಕ್ಕಿಂತ ಆ ಭಾಗಕ್ಕೆ ಜೀಪನ್ನೇ ಬಳಸಬಹುದಿತ್ತು. ರಾತ್ರಿ ಉಳಿದ ತೋಟದ ಮನೆಯ ಅಪ್ಪೆಹುಳಿ ಆ ದಣಿವನ್ನು ಕಳೆಯಿತು.

ಎರಡನೆಯ ದಿನ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರಬೇಕು. ನನ್ನ ತಕರಾರು ಇರುವುದು ಇಲ್ಲಿಯೇ. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕುಮಟಾ ಕಡಲ ದಂಡೆಯಲ್ಲಿದೆ. ನಡುವಿನ ಸುಮಾರು 60 ಕಿಲೋಮೀಟರ್ ದಾರಿಯಲ್ಲಿ ಆ ಎತ್ತರದ ಹೆಚ್ಚಿನ ಪಾಲನ್ನು ಘಟ್ಟದ ತಿರುವುಗಳಲ್ಲೇ ಇಳಿಯಬೇಕಾಗುತ್ತದೆ. ರಸ್ತೆ ಅಗಲ ಮಾಡುವ ಕೆಲಸದಿಂದಾಗಿ ಅಲ್ಲಲ್ಲಿ ಸಡಿಲ ಮಣ್ಣೂ ಇತ್ತು. ನಮಗೆ ಕೊಟ್ಟಿದ್ದ ಆರು ಸೈಕಲ್ಲುಗಳಲ್ಲಿ ನಾಲ್ಕಕ್ಕೆ ಡಿಸ್ಕ್ ಬ್ರೇಕ್ ಇತ್ತು, ನನ್ನದಕ್ಕೂ ಭಾವನದಕ್ಕೂ ಚಕ್ರದ ರಿಮ್ಮನ್ನೇ ಹಿಡಿಯುವ ಹಳೆಯ ಬಗೆಯ ಬ್ರೇಕ್ ಇತ್ತು. ರಿಮ್ ಬ್ರೇಕನ್ನು ಉದ್ದದ ಇಳಿಜಾರಿನಲ್ಲಿ ಬಿಡದೆ ಒತ್ತಿ ಹಿಡಿದರೆ ರಿಮ್ ಕಾಯುತ್ತದೆ, ರಬ್ಬರಿನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ನೇರ ದಾರಿಯಲ್ಲಿ ಬಿಟ್ಟು, ಹಿಂದುಮುಂದಿನ ಬ್ರೇಕುಗಳನ್ನು ಹದವರಿತು ಬಳಸಬೇಕು. ಇದನ್ನು ಹೊರಡುವ ಮೊದಲೇ ಎಲ್ಲರಿಗೂ ಕಲಿಸಬೇಕಿತ್ತು, ಕಲಿಸಲಿಲ್ಲ. ದೇವಿಮನೆಯ ಗುಡಿಯ ಹತ್ತಿರ ಕೈಮುಗಿಯಲು ನಿಂತಾಗ, ನಾನು ಅಭ್ಯಾಸಬಲದಿಂದ ಹಿಂದಿನ ಬ್ರೇಕಿನ ತಂತಿಯ ಮೇಲೆ ಬೆರಳಾಡಿಸಿದೆ. ನಟ್ಟಿನ ಬುಡದಲ್ಲಿ ಅದರ ಎಳೆಗಳು ಬಿಚ್ಚಿಕೊಂಡು ಹೆಬ್ಬೆರಳಿಗೆ ಚುಚ್ಚಿದವು. ಎಣಿಸಿ ನೋಡಿದರೆ ನಾಲ್ಕೈದು ಎಳೆ ಕಡಿದೇ ಹೋಗಿದ್ದವು. ಅಲ್ಲಿ ನಿಲ್ಲದೆ ಮುಂದೆ ಹೋಗಿದ್ದರೆ ಆ ತಂತಿ ಯಾವ ತಿರುವಿನಲ್ಲಿ ಕೈಕೊಡುತ್ತಿತ್ತೋ ಎಂದು ಈಗಲೂ ಮನಸ್ಸಿಗೆ ಬರುತ್ತದೆ. ಜೀಪಿನಲ್ಲಿ ಹೊಸ ತಂತಿ ಇತ್ತು, ಹುಡುಗ ಹತ್ತು ನಿಮಿಷದಲ್ಲಿ ಹಾಕಿಕೊಟ್ಟ. ಅವನ ಕೈಚಳಕದ ಬಗ್ಗೆ ಎರಡು ಮಾತಿಲ್ಲ, ಆದರೆ ಘಟ್ಟ ಇಳಿಯುವ ಸೈಕಲ್ಲಿನ ತಂತಿಯನ್ನು ಗಿರಾಕಿ ನೋಡಿ ಹೇಳುವಂತಾಗಬಾರದು.

ಸೈಕಲ್ಲುಗಳ ವಿಷಯದಲ್ಲಿ ಅವರು ಮಾಡುವ ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಮರುದಿನದ ದಾರಿಯೆಲ್ಲ ಉಪ್ಪುಗಾಳಿಯದು ಎಂದು ಕುಮಟಾದಲ್ಲಿ ಸಂಜೆಯೇ ಆರೂ ಸೈಕಲ್ಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟಿಟ್ಟರು.

ಮೂರನೆಯ ದಿನದ ದಾರಿಯೊಂದಕ್ಕಾಗಿಯೇ ಈ ಪ್ರವಾಸಕ್ಕೆ ಹೋಗಬಹುದು. ಕುಮಟಾದಿಂದ ಹೊಲನಗದ್ದೆ, ಬಾಡ, ಕಾಗಾಲಗಳ ಮೂಲಕ ಅಘನಾಶಿನಿ ಊರಿಗೆ ಸುಮಾರು ಹತ್ತು ಕಿಲೋಮೀಟರ್. ಮನೆಯಂಗಳ, ತೆಂಗಿನ ತೋಟ, ಮೀನು ಒಣಹಾಕಿದ ಬಯಲುಗಳ ನಡುವೆ ಹಾಯುವ ಕಿರಿದಾದ ಡಾಂಬರು ರಸ್ತೆಯಲ್ಲಿ ಬೆಳಗಿನ ಆರೂವರೆಗೆ ಎದುರಾದದ್ದು ಹಾಲಿನ ಕ್ಯಾನು ಹೊತ್ತ ಸೈಕಲ್ಲುಗಳು ಮಾತ್ರ. ಕಾಗಾಲದ ಹತ್ತಿರ ಗಜನಿ ಶುರುವಾಗುತ್ತದೆ. ಮಳೆಗಾಲದಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುವ ಈ ಭೂಮಿ, ಕೊಯ್ಲಿನ ನಂತರ ಕಡಲಿನ ಭರತದ (ಉಬ್ಬರದ) ನೀರು ತುಂಬಿಕೊಂಡು ಸಿಗಡಿ-ಮೀನುಗಳ ಕೆರೆಯಾಗಿಬಿಡುತ್ತದೆ. ಮಣ್ಣಿನ ಕಟ್ಟೆಯ ನಡುವೆ ಮರದ ಹಲಗೆಯ ಬಾಗಿಲು, ಅದರ ಸಂದಿಯಿಂದ ಸುರಿಯುವ ನೀರಿಗೆ ಬಲೆಯೊಡ್ಡಿ ನಿಂತ ಒಬ್ಬ ಮುದುಕ, ನೀರಂಚಿನ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಬೇರುಗಳಲ್ಲಿ ಏಡಿ ಹುಡುಕುವ ಬೆಳ್ಳಕ್ಕಿ. ಎಲ್ಲಿಯೂ ಅಣೆಕಟ್ಟು ಕಾಣದೆ ಹರಿದುಬರುವ ಅಘನಾಶಿನಿಯ ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು ಎಂಬುದನ್ನು ಹುಡುಗ ಇಲ್ಲಿಯೇ ನಿಂತು ಹೇಳಿದ. ಹೇಳುವುದಕ್ಕೆ ಇದಕ್ಕಿಂತ ತಕ್ಕ ಜಾಗವಿಲ್ಲ.

ಅಘನಾಶಿನಿಯಿಂದ ತದಡಿಗೆ ದೋಣಿ. ರಸ್ತೆಯಲ್ಲಿ ಸುತ್ತಿ ಹೋದರೆ ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಆಗುವ ದಾರಿ ನೀರಿನ ಮೇಲೆ ಕೆಲವೇ ನಿಮಿಷಗಳದು. ಸೈಕಲ್ಲನ್ನು ಒಬ್ಬರು ಮುಂದಿನಿಂದ, ಒಬ್ಬರು ಹಿಂದಿನಿಂದ ಎತ್ತಿ ಒಳಗೆ ಇಳಿಸಬೇಕು, ಆಮೇಲೆ ನಮ್ಮ ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳಬೇಕು. “ಹ್ಯಾಂಡಲ್ ಬಿಡಬೇಡಿ ಅಕ್ಕಾ, ಅಲೆ ಬಂದರೆ ನಿಮಗಿಂತ ಮೊದಲು ಸೈಕಲ್ಲೇ ನೀರಿಗೆ ಹೋಗ್ತದೆ” ಎಂದು ದೋಣಿಯವರು ಎರಡು ಸಲ ಹೇಳಿದರು. ನದಿಯ ನಡುವೆ ಎಡಕ್ಕೆ ತಿರುಗಿದರೆ ಕಡಲಿನ ಬಿಳಿ ನೊರೆಯ ಸಾಲು, ಬಲಕ್ಕೆ ಇಳಿತದಲ್ಲಿ ಎದ್ದ ಮರಳದಿಣ್ಣೆಯ ಅಂಚಿನಲ್ಲಿ ಸೊಂಟಮಟ್ಟ ನೀರಿನಲ್ಲಿ ಬಾಗಿ ಬಳಚು (ಚಿಪ್ಪುಮೀನು) ಹೆಕ್ಕುವ ಜನ. ಶಂಕರಹೊಂಡದ ಮಾತು ಆಗ ನೆನಪಾಯಿತು. ಭಾವ ಏನೂ ಹೇಳದೆ ಕೈ ನೀರಿಗೆ ಅದ್ದಿ ತೆಗೆದ.

ತದಡಿಯಿಂದ ಗೋಕರ್ಣ, ಅಲ್ಲಿಂದ ಮಾದನಗೇರಿ ರಸ್ತೆಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರಗಳವರೆಗೆ ತುಳಿದರೆ ಪ್ರವಾಸ ಮುಗಿಯುತ್ತದೆ, ಮುಂದೆ ಜೀಪು ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಧ್ಯಾಹ್ನವಾದ ಮೇಲೆ ಬಿಸಿಲೂ ಕಡಲ ಗಾಳಿಯೂ ಏರಿ ತುಳಿಯುವುದು ಕಷ್ಟವಾಗುತ್ತದೆ. ಗೋಕರ್ಣದಲ್ಲಿ ಊಟಕ್ಕೆಂದು ಎರಡು ತಾಸು ಕಳೆದ ನಮ್ಮವರಲ್ಲಿ ಇಬ್ಬರು ಕೊನೆಯ ಭಾಗವನ್ನು ಜೀಪಿನಲ್ಲಿ ಬರಬೇಕಾಯಿತು. ಊಟವನ್ನು ಸಾಣಿಕಟ್ಟಾದ ನಂತರಕ್ಕೆ ಇಟ್ಟರೆ ಈ ತೊಂದರೆ ಇರುವುದಿಲ್ಲ. ಮಳೆಗಾಲದಲ್ಲಂತೂ ಈ ದಾರಿಯ ವಿಚಾರವೇ ಬೇಡ, ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರಶಸ್ತ.

ಮರಳಿದ ಮೇಲೆ ಬ್ರೇಕಿನ ಸಂಗತಿಯನ್ನು ತಂಡದ ಮುಖ್ಯಸ್ಥರಿಗೆ ಬರೆದು ತಿಳಿಸಿದೆ. ಅವರು ತಪ್ಪು ಒಪ್ಪಿಕೊಂಡರು, ಘಟ್ಟದ ದಾರಿಗೆ ಇನ್ನು ಡಿಸ್ಕ್ ಬ್ರೇಕಿನ ಸೈಕಲ್ಲುಗಳನ್ನೇ ಕೊಡುವುದಾಗಿ ಉತ್ತರಿಸಿದರು. ನವೆಂಬರಿನ ಪ್ರವಾಸಕ್ಕೆ ನನ್ನ ತಂಗಿ ಹೆಸರು ಬರೆಸಿದ್ದಾಳೆ. ದೇವಿಮನೆಯಲ್ಲಿ ಇಳಿದು, ನಟ್ಟಿನ ಬುಡದಲ್ಲಿ ತಂತಿ ಹೇಗಿದೆ ನೋಡಿಯೇ ಮುಂದೆ ಹೋಗು ಎಂದು ಅವಳಿಗೆ ಹೇಳಿದ್ದೇನೆ.