ಬೆಳಿಗ್ಗೆ ಬೋಟು, ಮಧ್ಯಾಹ್ನ ವಿಮಾನ: ಹೈಡ್ರಾಕ್ಕೆ ಹೋಗುವವರು ಈ ಪ್ಲಾನ್ ಒಪ್ಪಲೇಬೇಡಿ

ಗ್ರೀಸ್ ಪ್ರವಾಸಕ್ಕೆ ಹೊರಟವರು ದಯವಿಟ್ಟು ನಿಮ್ಮ ಪ್ಲಾನ್‌ನ ಕೊನೆಯ ದಿನ ಏನಿದೆ ಅಂತ ಒಮ್ಮೆ ನೋಡಿಕೊಳ್ಳಿ. 'ಬೆಳಿಗ್ಗೆ ಹೈಡ್ರಾದಿಂದ ಬೋಟ್, ಮಧ್ಯಾಹ್ನ ಅಥೆನ್ಸ್‌ನಿಂದ ವಿಮಾನ' ಅಂತಿದ್ದರೆ ಇವತ್ತೇ ಏಜೆಂಟ್‌ಗೆ ಫೋನ್ ಮಾಡಿ ಬದಲಾಯಿಸಿ. ಬೆಂಗಳೂರಿನ ಒಂದು ಟ್ರಾವೆಲ್ ಏಜೆನ್ಸಿ ನಮಗೆ ಇದನ್ನೇ ಹಾಕಿಕೊಟ್ಟಿತ್ತು. 'ದಿನಾ ಬೇಕಾದಷ್ಟು ಬೋಟ್ ಇರುತ್ತೆ, ಒಂದು ಹೋದ್ರೆ ಇನ್ನೊಂದು' ಅಂದಿದ್ದರು. ಬೋಟ್ ಇರುವುದು ನಿಜ. ಗಾಳಿ ಎದ್ದರೆ ಒಂದೂ ಇಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ.

ಹೈಡ್ರಾ ಅಂದರೆ ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಒಂದೂವರೆ, ಎರಡು ಗಂಟೆ ದೂರದ ಪುಟ್ಟ ದ್ವೀಪ. ಕಾರು, ಸ್ಕೂಟರ್ ಯಾವುದೂ ಇಲ್ಲ. ಸಾಮಾನು ಹೊರುವುದು ಹೇಸರಗತ್ತೆ. ಅಪ್ಪಯ್ಯನಿಗೆ ಈ ಊರಿನ ಹುಚ್ಚು ಹಿಡಿದದ್ದು ಅದರ ಹಡಗಿನ ಕತೆಯಿಂದ. ಬರೀ ಕಲ್ಲು, ಬೇಸಾಯಕ್ಕೆ ನೆಲವಿಲ್ಲ. ಹಾಗಾಗಿ ಊರಿಗೆ ಊರೇ ಕಡಲಿಗೆ ಇಳಿಯಿತು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಇಂಗ್ಲಿಷರ ನೌಕಾಪಡೆಯ ಕಣ್ಣು ತಪ್ಪಿಸಿ ಫ್ರಾನ್ಸ್, ಸ್ಪೇನ್ ಬಂದರುಗಳಿಗೆ ಗೋಧಿ ಸಾಗಿಸಿ ಇಲ್ಲಿನ ಕಪ್ತಾನರು ಸಿಕ್ಕಾಪಟ್ಟೆ ದುಡ್ಡು ಮಾಡಿದರು. ಬಂದರಿನ ಮೇಲಿನ ಗುಡ್ಡದಲ್ಲಿ ಕಾಣುವ ದೊಡ್ಡ ದೊಡ್ಡ ಕಲ್ಲಿನ ಮನೆಗಳು ಅದೇ ದುಡ್ಡಿನವು. 1821ರಲ್ಲಿ ತುರ್ಕರ ವಿರುದ್ಧ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಆ ಹಡಗುಗಳೇ ಯುದ್ಧದ ಹಡಗುಗಳಾದವು. ಆಗ ನೌಕಾಪಡೆ ನಡೆಸಿದ ಆಂಡ್ರಿಯಾಸ್ ಮಿಯಾವುಲಿಸ್‌ನ ಹೃದಯವನ್ನು ಕೆಡದಂತೆ ಮಾಡಿ ಬಂದರಿನ ಪಕ್ಕದ ಮ್ಯೂಸಿಯಂನಲ್ಲಿ ಬೆಳ್ಳಿಯ ಪಾತ್ರೆಯಲ್ಲಿ ಇಟ್ಟಿದ್ದಾರೆ. ಅಪ್ಪಯ್ಯ ಅದರ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. ಊರು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತಕರಾರಿರುವುದು ಹೊರಡುವ ದಿನದ ಬಗ್ಗೆ.

ಅಕ್ಟೋಬರ್ ಕೊನೆ. ಬೆಳಗಿನ ಬೋಟಿಗೆ ಅಂತ ಬ್ಯಾಗ್ ಎಳೆದುಕೊಂಡು ಮೆಟ್ಟಿಲು ಇಳಿದು ಬಂದೆವು. ಬಂದರಿನ ಕಲ್ಲುಕಟ್ಟೆ ಒದ್ದೆಯಾಗಿತ್ತು. ಹೈಡ್ರಾ ಬಂದರಿನ ಬಾಯಿ ಉತ್ತರಕ್ಕೆ. ಅವತ್ತಿನ ಗಾಳಿಯೂ ಉತ್ತರದ್ದೇ. ನೀರು ನೇರ ಒಳಗೆ ನುಗ್ಗಿ ಕಟ್ಟೆಗೆ ಬಡಿದು, ಹೋಟೆಲ್‌ನವರು ಒಳಗೆ ಎಳೆದಿಟ್ಟಿದ್ದ ಕುರ್ಚಿಗಳ ತನಕ ಚಿಮ್ಮುತ್ತಿತ್ತು. ಮೀನಿನ ದೋಣಿಗಳಿಗೆ ಎರಡೆರಡು ಹಗ್ಗ ಬಿಗಿದಿದ್ದರು. ಅಪ್ಪಯ್ಯ ಕುಂದಾಪುರದವರು, ಕಡಲು ನೋಡಿಯೇ ಬೆಳೆದವರು. ಟಿಕೆಟ್ ಆಫೀಸಿನ ಬಾಗಿಲು ತೆಗೆಯುವ ಮೊದಲೇ ಹೇಳಿಬಿಟ್ಟರು: "ಇವತ್ತ್ ಯಾವ್ ಬೋಟೂ ಹೋತಿಲ್ಲೆ ಮಗಾ."

ಹೋಗಲಿಲ್ಲ. ಗ್ರೀಸ್‌ನಲ್ಲಿ ಇದು ಕಪ್ತಾನನ ಇಷ್ಟವೂ ಅಲ್ಲ, ಕಂಪನಿಯ ಇಷ್ಟವೂ ಅಲ್ಲ. ಗಾಳಿ ಜೋರಾದರೆ ಬಂದರು ಅಧಿಕಾರಿಗಳು ಹೊರಡುವುದನ್ನೇ ನಿಷೇಧಿಸುತ್ತಾರೆ. ದೊಡ್ಡ ಹಡಗುಗಳಿಗೆ ಸಾಮಾನ್ಯವಾಗಿ ಗಾಳಿಯ ಜೋರು ಅಳೆಯುವ ಬೋಫರ್ಟ್ ಅಳತೆಯಲ್ಲಿ 8 ಮುಟ್ಟಿದಾಗ, ಅಂದರೆ ಗಂಟೆಗೆ 60 ಕಿಲೋಮೀಟರ್ ದಾಟಿದಾಗ ತಡೆ. ಹಗುರವಾದ ವೇಗದ ಬೋಟುಗಳಿಗೆ ಅದಕ್ಕೂ ಮೊದಲೇ. ಪಿರೇಯಸ್‌ನಿಂದ ಹೈಡ್ರಾಕ್ಕೆ ಓಡುವುದು ಈ ವೇಗದ ಬೋಟುಗಳೇ. ಕಾರು ಹೊರುವ ದೊಡ್ಡ ಹಡಗಿಗೆ ಈ ಊರಿನಲ್ಲಿ ಕೆಲಸವೇ ಇಲ್ಲವಲ್ಲ. ಏಜೆನ್ಸಿಯವರಿಗೆ ಗೊತ್ತಿರಬೇಕಿದ್ದದ್ದು ಇದು.

ಎದುರಿಗೇ ಗ್ರೀಸ್‌ನ ಮುಖ್ಯ ನೆಲಕ್ಕೆ ಸೇರಿದ ಪೆಲೊಪೊನೀಸ್‌ನ ದಡ ಕಾಣುತ್ತದೆ. ಮೆತೋಹಿ ಅನ್ನುವ ಜಾಗಕ್ಕೆ ಸಣ್ಣ ಬೋಟಿನಲ್ಲಿ ಅರ್ಧ ಗಂಟೆಯೂ ಬೇಡ. ಅಲ್ಲಿಂದ ಟ್ಯಾಕ್ಸಿ ಹಿಡಿದರೆ ರಸ್ತೆಯಲ್ಲೇ ಅಥೆನ್ಸ್ ಸೇರಬಹುದು. ಒಳ್ಳೆಯ ದಿನಗಳಲ್ಲಿ ನೆನಪಿಟ್ಟುಕೊಳ್ಳಬೇಕಾದ ದಾರಿ ಇದು, ಬೋಟ್ ತಪ್ಪಿದರೆ, ಟಿಕೆಟ್ ಸಿಗದಿದ್ದರೆ ಉಪಯೋಗಕ್ಕೆ ಬರುತ್ತದೆ. ಆದರೆ ಅವತ್ತು ಅದೂ ಬಂದ್, ವಾಟರ್ ಟ್ಯಾಕ್ಸಿಯೂ ಬಂದ್. ಅಷ್ಟರಲ್ಲಿ ಒಬ್ಬ ಹತ್ತಿರ ಬಂದು, ಪಕ್ಕದ ಕೊಲ್ಲಿಯಲ್ಲಿ ತನ್ನ ದೋಣಿ ಇದೆ, 400 ಯೂರೋ ಕೊಟ್ಟರೆ ಆಚೆ ಬಿಡುತ್ತೇನೆ ಅಂದ. ನಿಮ್ಮ ಹತ್ತಿರವೂ ಯಾರಾದರೂ ಬಂದಾರು. ಸುಮ್ನೆ ಮುಖ ತಿರುಗಿಸಿ ನಡೆಯಿರಿ. ನಿಷೇಧದ ದಿನ ಕದ್ದು ದಾಟಿಸುವವನು ಲೈಫ್ ಜಾಕೆಟ್ ಇಟ್ಟಿರುತ್ತಾನೆ ಅಂತ ಯಾರು ಹೇಳಿದರು?

ಹೊಟ್ಟೆ ಉರಿಸಿದ ಸಂಗತಿ ಇನ್ನೊಂದಿದೆ. ಬೋಟ್ ರದ್ದಾಗಬಹುದು ಅಂತ ಕಂಪನಿ ಹಿಂದಿನ ಸಂಜೆಯೇ ಮೆಸೇಜ್ ಕಳಿಸಿತ್ತು. ಟಿಕೆಟ್‌ಗೆ ಏಜೆನ್ಸಿ ಕೊಟ್ಟಿದ್ದು ತನ್ನ ಆಫೀಸಿನ ನಂಬರ್. ಬೆಂಗಳೂರಿನಲ್ಲಿ ಆಗ ರಾತ್ರಿ, ನೋಡುವವರಿಲ್ಲ. ಆ ಮೆಸೇಜ್ ನಮ್ಮ ಫೋನಿಗೆ ಬಂದಿದ್ದರೆ ಸಂಜೆಯ ಕೊನೆಯ ಬೋಟ್ ಹತ್ತಿ ಅಥೆನ್ಸ್‌ನಲ್ಲಿ ಮಲಗುತ್ತಿದ್ದೆವು. ಬೋಟ್ ಟಿಕೆಟ್‌ಗೆ ಗ್ರೀಸ್‌ನಲ್ಲಿ ನಡೆಯುವ ನಿಮ್ಮದೇ ಫೋನ್ ನಂಬರ್ ಕೊಡಿಸಿ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ವಿಮಾನ ಹೋಯಿತು. ಬೋಟಿನ ಟಿಕೆಟ್ ದುಡ್ಡು ವಾಪಸ್ ಬಂತು, ಅದು ಯುರೋಪಿನ ನಿಯಮದಲ್ಲೇ ಇದೆ. ಬೋಟ್ ರದ್ದಾದರೆ ಉಳಿದುಕೊಳ್ಳಲು ರೂಮಿನ ಖರ್ಚೂ ಆ ನಿಯಮದಲ್ಲಿದೆ, ಆದರೆ ಹವಾಮಾನದ ಕಾರಣಕ್ಕೆ ಅಪಾಯವಿದ್ದು ನಿಂತರೆ ಇಲ್ಲ. ರೂಮು ನಮ್ಮ ಜೇಬಿನಿಂದ. ಬೋಟ್ ಬೇರೆ ಟಿಕೆಟ್, ವಿಮಾನ ಬೇರೆ ಟಿಕೆಟ್ ಆದ್ದರಿಂದ ವಿಮಾನದವರ ಪಾಲಿಗೆ ನಾವು ಬರದೇ ಉಳಿದವರು, ಅಷ್ಟೇ. ಹೊಸ ಟಿಕೆಟ್ ಕೊನೇ ಗಳಿಗೆಯ ರೇಟಿಗೆ ಕೊಂಡೆವು. ನಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಕನೆಕ್ಷನ್ ತಪ್ಪಿದರೆ ಪರಿಹಾರ ಅಂತ ದಪ್ಪ ಅಕ್ಷರದಲ್ಲಿತ್ತು. ಒಳಗೆ ಓದಿದರೆ ವಿಮಾನ ತಡವಾಗಿ ತಪ್ಪಿದರೆ ಮಾತ್ರ ಅಂತ. ಏಜೆನ್ಸಿಯಿಂದ ಬಂದ ಉತ್ತರ ಒಂದೇ ಸಾಲು: ಪ್ರಕೃತಿಯ ಕಾರಣಕ್ಕೆ ಆದ ನಷ್ಟಕ್ಕೆ ನಾವು ಹೊಣೆಯಲ್ಲ. ಗಾಳಿಗೆ ಇವರು ಹೊಣೆ ಅಂತ ಯಾರಂದರು? ವಿಮಾನದ ದಿನವೇ ಬೋಟ್ ಇಟ್ಟಿದ್ದು ಪ್ರಕೃತಿ ಅಲ್ಲವಲ್ಲ.

ದ್ವೀಪ ಮೊದಲಿರಲಿ, ಅಥೆನ್ಸ್ ಕೊನೆಗಿರಲಿ. ಅಕ್ರೋಪೊಲಿಸ್ ಎಲ್ಲೂ ಓಡಿಹೋಗುವುದಿಲ್ಲ. ಕಡೇಪಕ್ಷ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿರಿ. ಸಂತೋರಿನಿ, ಮಿಕೊನೊಸ್ ಇರುವ ಸಿಕ್ಲಡೀಸ್ ಕಡೆಯ ದ್ವೀಪಗಳಾದರೆ ಇನ್ನೂ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಮೆಲ್ತೆಮಿ ಅನ್ನುವ ಉತ್ತರದ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಬಿಸಿಲು ಫಳಫಳ, ಆದರೂ ಬೋಟ್ ಇಲ್ಲ. ನಮ್ಮ ಕರಾವಳಿಯ ಮಳೆಗಾಲದ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇದಕ್ಕಿಂತ ದೊಡ್ಡ ತಲೆನೋವು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ ದಿನಾಂಕ ಒಂದಿರುತ್ತದೆ, ಉಳಿಯಬಹುದಾದ ದಿನಗಳ ಸಂಖ್ಯೆ ಬೇರೆ ಇರುತ್ತದೆ. ದಿನಾಂಕ ಮುಂದಿದ್ದರೂ ದಿನಗಳು ಮುಗಿದರೆ ಮುಗಿಯಿತು. ಬಂದ ದಿನ, ಹೋಗುವ ದಿನ ಎರಡೂ ಲೆಕ್ಕಕ್ಕೆ. ನಮ್ಮ ದಿನಗಳು ಅವತ್ತಿಗೇ ಮುಗಿಯುತ್ತಿದ್ದವು. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಬಂದು ಹೋಗುವುದನ್ನು ಕಂಪ್ಯೂಟರಿನಲ್ಲಿ ಬರೆದಿಡುವ ವ್ಯವಸ್ಥೆ ಶುರುವಾಗಿದೆ, ಒಂದು ದಿನ ಹೆಚ್ಚಾದರೂ ಅದು ಬಿಡುವುದಿಲ್ಲ. ಕೈಮೀರಿದ ಕಾರಣಕ್ಕೆ ಹೊರಡಲಾಗದಿದ್ದರೆ ವೀಸಾವನ್ನು ಶುಲ್ಕವಿಲ್ಲದೆ ಮುಂದುವರಿಸಿಕೊಡಬೇಕು ಅಂತ ಷೆಂಗೆನ್ ನಿಯಮ ಇದೆ, ಆದರೆ ಕೇಳುವುದಕ್ಕೆ ಸಾಕ್ಷಿ ಬೇಕಲ್ವಾ. ಅಪ್ಪಯ್ಯ ಹಟ ಹಿಡಿದು ಬಂದರು ಕಚೇರಿಯಲ್ಲಿ, ಆ ದಿನ ಬೋಟ್ ನಿಂತಿತ್ತು ಅಂತ ಮುದ್ರೆ ಹಾಕಿಸಿ ಒಂದು ಕಾಗದ ಬರೆಸಿಕೊಂಡರು. ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದು, ಆ ಕಾಗದ ಓದಿ, ಫೋಟೊಕಾಪಿ ಇಟ್ಟುಕೊಂಡು ಬಿಟ್ಟರು. ಗಾಳಿ ಇಳಿದ ಮೇಲೆ ಎಲ್ಲರಿಗೂ ಬೋಟ್ ಹತ್ತುವ ಅವಸರ. ಕಾಗದ ಮಾಡಿಸಿಕೊಳ್ಳದೆ ಹತ್ತಬೇಡಿ.