ಥಾಯ್ಲೆಂಡಿಗೆ ಇಂಗ್ಲಿಷ್ ಕಲಿಸಲು ಹೊರಟವರೇ, ‘ಬಂದಮೇಲೆ ವೀಸಾ ಮಾಡಿಸ್ತೀವಿ’ ಅಂದರೆ ಹೋಗಬೇಡಿ

ಬಿ.ಎಡ್ ಮುಗಿಸಿದವರು, ಖಾಸಗಿ ಶಾಲೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿರುವವರು, ಒಂದಷ್ಟು ತಿಂಗಳು ಹೊರದೇಶ ನೋಡಿ ಬರೋಣ ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ‘ಥಾಯ್ಲೆಂಡಿನ ಹಳ್ಳಿ ಶಾಲೆಯಲ್ಲಿ ಸ್ವಯಂಸೇವಕರಾಗಿ ಇಂಗ್ಲಿಷ್ ಕಲಿಸಿ’ ಎಂಬ ಜಾಹೀರಾತು ನಮ್ಮ ಟೀಚರ್‌ಗಳ ವಾಟ್ಸಾಪ್ ಗ್ರೂಪುಗಳಿಗೂ ಬರುತ್ತಿದೆ. ಊಟ, ವಸತಿ ಅವರದ್ದು. ಕೊನೆಗೆ ಅನುಭವ ಪತ್ರ. ನಾವು ಕಟ್ಟಬೇಕಾದ್ದು ‘ಕಾರ್ಯಕ್ರಮದ ಶುಲ್ಕ’ ಮತ್ತು ವಿಮಾನದ ಟಿಕೆಟ್. ಇಂಥದ್ದೇ ಒಂದು ಏಜೆನ್ಸಿ ಮೂಲಕ ನಾನು 2024ರ ನವೆಂಬರ್‌ನಲ್ಲಿ, ಅಲ್ಲಿನ ಎರಡನೇ ಟರ್ಮ್ ಶುರುವಾಗುವ ಹೊತ್ತಿಗೆ ಹೋದೆ. ಟರ್ಮ್ ಮುಗಿಯುವ ಮುಂಚೆಯೇ ವಾಪಸ್ ಬರಬೇಕಾಯಿತು.

ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಥಾಯ್ಲೆಂಡಿನಲ್ಲಿ ಸಂಬಳ ಇಲ್ಲದೆ ಪಾಠ ಮಾಡಿದರೂ ಅದು ಕೆಲಸವೇ. ಅದಕ್ಕೆ ವರ್ಕ್ ಪರ್ಮಿಟ್ ಬೇಕು. ಸ್ವಯಂಸೇವಕರಿಗೆ ಇರುವುದು ‘ನಾನ್-ಇಮಿಗ್ರಂಟ್ ಓ’ ಎಂಬ ವೀಸಾ. ಸಂಬಳದ ಮೇಲೆ ಹೋಗುವ ಟೀಚರ್‌ಗಳಿಗೆ ‘ನಾನ್-ಇಮಿಗ್ರಂಟ್ ಬಿ’. 2024ರ ಜುಲೈನಲ್ಲಿ ಅಲ್ಲಿನ ಸರ್ಕಾರ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಇರಲು ಅವಕಾಶ ಕೊಟ್ಟಿತಲ್ಲ, ಅದು ಪ್ರವಾಸ ಮಾಡುವುದಕ್ಕೆ. ಪಾಸ್‌ಪೋರ್ಟ್ ಮೇಲೆ ಆ ಪ್ರವಾಸಿ ಮುದ್ರೆ ಹಾಕಿಸಿಕೊಂಡು ಶಾಲೆಯಲ್ಲಿ ಪಾಠ ಮಾಡುವಂತಿಲ್ಲ. ಪರ್ಮಿಟ್ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ (ಅಲ್ಲಿನ ಹಣ) ದಂಡ, ಅದರ ಜೊತೆ ಗಡಿಪಾರು. ಆಮೇಲೆ ಎರಡು ವರ್ಷ ವರ್ಕ್ ಪರ್ಮಿಟ್ ಕೇಳುವ ಹಾಗೂ ಇಲ್ಲ. ಈ ದಂಡ ಬೀಳುವುದು ಪಾಠ ಮಾಡಿದವರ ಹೆಸರಿಗೆ. ಕಳಿಸಿದ ಏಜೆನ್ಸಿಯವರು ಫೋನ್ ಎತ್ತದಿದ್ದರೆ ಮುಗಿಯಿತು.

ಹೊರಡುವ ಮುಂಚೆ ನಾನು ಇದನ್ನು ಮೇಲ್‌ನಲ್ಲೇ ಕೇಳಿದ್ದೆ. ಸ್ವಯಂಸೇವೆಗೂ ಪರ್ಮಿಟ್ ಬೇಕು ಅಂತ ಓದಿದ್ದೇನೆ, ನನ್ನ ಕಾಗದಪತ್ರ ಯಾವಾಗ ಬರುತ್ತದೆ ಅಂತ. ಉತ್ತರವೂ ಬಂತು: ಶಾಲೆಯ ಕಾಗದ ಸಿದ್ಧವಿದೆ, ನೀವು ಇಲ್ಲಿಗೆ ಬಂದ ವಾರದೊಳಗೆ ವೀಸಾ ಬದಲಾಯಿಸುತ್ತೇವೆ, ಎಲ್ಲರಿಗೂ ಹೀಗೇ ಮಾಡುವುದು. ಈ ಮಾತಿನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಪ್ರವಾಸಿಯಾಗಿ ಒಳಗೆ ಹೋದಮೇಲೆ ಅಲ್ಲೇ ವೀಸಾ ಬದಲಾಯಿಸಿಕೊಳ್ಳುವುದು ಕೆಲವರಿಗೆ ಸಾಧ್ಯವಾಗುತ್ತದೆ. ಆದರೆ ಅದಕ್ಕೆ ಶಾಲೆಯವರು ತಮ್ಮ ದಾಖಲೆ, ಸಹಿ, ಮುದ್ರೆ ಎಲ್ಲ ಕೊಡಬೇಕು. ನನ್ನ ಶಾಲೆಗೆ ಇಂಥ ಕಾಗದ ಕೊಡಬೇಕು ಎಂಬುದನ್ನೇ ಯಾರೂ ಹೇಳಿರಲಿಲ್ಲ.

ಶಾಲೆ ಇದ್ದದ್ದು ಈಶಾನ್ಯದ ಉಡೊನ್ ಥಾನಿ ಪ್ರಾಂತ್ಯದ ಒಂದು ಸಣ್ಣ ಊರಿನಲ್ಲಿ. ಶಾಲೆಯ ಬಗ್ಗೆ ನನಗೆ ಒಂದಿಷ್ಟೂ ದೂರಿಲ್ಲ. ಬೆಳಗ್ಗೆ ಎಂಟಕ್ಕೆ ಬಾವುಟ ಏರಿಸಿ ರಾಷ್ಟ್ರಗೀತೆ, ಪ್ರಾರ್ಥನೆ. ಮಕ್ಕಳು ಕೈಜೋಡಿಸಿ ತಲೆ ಬಾಗಿಸಿಯೇ ಮುಂದೆ ಹೋಗುತ್ತಾರೆ. ‘ಟೀಚಾ, ಟೀಚಾ’ ಅಂತ ಹಿಂದೆ ಹಿಂದೆ ಬರುತ್ತಾರೆ. ಮಧ್ಯಾಹ್ನ ಟೀಚರ್‌ಗಳೆಲ್ಲ ಸುತ್ತ ಕೂತು ಬಿದಿರಿನ ಬುಟ್ಟಿಯಿಂದ ಅಂಟಕ್ಕಿ ಅನ್ನ ತೆಗೆದು ಕೈಯಲ್ಲೇ ಉಂಡೆ ಮಾಡಿ ತಿನ್ನುತ್ತಾರೆ, ನನ್ನನ್ನೂ ಕರೆದು ಕೂರಿಸಿಕೊಳ್ಳುತ್ತಿದ್ದರು. ಸಸ್ಯಾಹಾರಿಗಳಿಗೆ ಮಾತ್ರ ಆ ಕಡೆ ಕಷ್ಟ. ಪಪ್ಪಾಯಿ ಕೋಸಂಬರಿಗೂ ಮೀನಿನ ರಸ ಹಾಕುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಬರೆದ ‘ಜೇ’ ಅಂಗಡಿ ಸಿಕ್ಕರೆ ಅಲ್ಲಿ ಧೈರ್ಯವಾಗಿ ತಿನ್ನಬಹುದು.

ನನಗೆ ಹೊಟ್ಟೆ ಉರಿದದ್ದು ತರಗತಿಯಲ್ಲಿ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಬಣ್ಣಗಳ ಹೆಸರು, ಹಣ್ಣುಗಳ ಹೆಸರು ಬಾಯಿಪಾಠ. ಒಂದು ವಾಕ್ಯ ಮಾತ್ರ ಬರುವುದಿಲ್ಲ. ಯಾಕೆ ಅಂತ ನೋಟ್‌ಬುಕ್ ತಿರುವಿದರೆ ಅದೇ ಪಾಠ ಮತ್ತೆ ಮತ್ತೆ. ಬಂದ ಪ್ರತಿಯೊಬ್ಬ ಸ್ವಯಂಸೇವಕರೂ ಬಣ್ಣ, ಹಣ್ಣು, ‘ಮೈ ನೇಮ್ ಈಸ್’ ಇಂದಲೇ ಶುರು ಮಾಡಿದ್ದಾರೆ. ಪ್ರವಾಸಿ ಮುದ್ರೆಯ ಅವಧಿ ಮುಗಿಯುತ್ತಿದ್ದ ಹಾಗೆ ಹೊರಟುಹೋಗಿದ್ದಾರೆ. ಮುಂದಿನವರು ಬಂದು ಮತ್ತೆ ಮೊದಲಿನಿಂದ. ಕಾಗದ ಸರಿಯಿಲ್ಲದ ವ್ಯವಸ್ಥೆಯಿಂದ ನಷ್ಟ ನಮಗೆ ಮಾತ್ರ ಅಲ್ಲ. ಆ ಮಕ್ಕಳಿಗೆ ವರ್ಷಗಟ್ಟಲೆ ಇಂಗ್ಲಿಷ್ ಮುಂದೆ ಹೋಗಿಯೇ ಇಲ್ಲ.

ಹೇಳಿದ ವಾರ ಕಳೆಯಿತು, ಇನ್ನೂ ಕೆಲವು ವಾರ ಕಳೆದವು. ಕೇಳಿದಾಗಲೆಲ್ಲ ಏಜೆನ್ಸಿಯ ಕೋಆರ್ಡಿನೇಟರ್‌ದು ಒಂದೇ ಉತ್ತರ, ಫೈಲ್ ಮೇಲೆ ಹೋಗಿದೆ. ಅದೇ ಶಾಲೆಯಲ್ಲಿ ಸಂಬಳಕ್ಕಿದ್ದ ಫಿಲಿಪ್ಪೀನ್ಸ್‌ನ ಟೀಚರ್ ಒಬ್ಬರು ತಮ್ಮ ಪರ್ಮಿಟ್ಟಿನ ನೀಲಿ ಪುಸ್ತಕ ತೆಗೆದು ತೋರಿಸಿದರು. ಅದರಲ್ಲಿ ಅವರ ಫೋಟೋ, ಶಾಲೆಯ ಹೆಸರು, ಏನು ಕೆಲಸ ಅನ್ನುವುದೆಲ್ಲ ಬರೆದಿತ್ತು. ‘ಇದು ಇಲ್ಲದೆ ಕ್ಲಾಸಿಗೆ ಹೋಗಬೇಡಿ’ ಅಂದರು.

ಅವರ ಮಾತಿನಿಂದಲೇ ಇನ್ನೊಂದು ವಿಷಯವೂ ಗೊತ್ತಾಯಿತು. ಅಲ್ಲಿ ವಿದೇಶಿಯರು ಯಾರ ಮನೆಯಲ್ಲಿ ತಂಗುತ್ತಾರೋ ಆ ಮನೆಯ ಮಾಲೀಕರು 24 ಗಂಟೆಯೊಳಗೆ ಇಮಿಗ್ರೇಷನ್ ಕಚೇರಿಗೆ ತಿಳಿಸಬೇಕು. ಅದಕ್ಕೆ ಟಿಎಂ30 ಅನ್ನುತ್ತಾರೆ. ಮುಂದೆ ಇಮಿಗ್ರೇಷನ್‌ನಲ್ಲಿ ಏನೇ ಕೆಲಸವಿದ್ದರೂ ಆ ರಸೀದಿ ಕೇಳುತ್ತಾರೆ. ನಮ್ಮನ್ನು ಇಟ್ಟಿದ್ದ ಮನೆಯಿಂದ ಯಾರ ಹೆಸರೂ ಹೋಗಿರಲಿಲ್ಲ. ನಾವು ಆ ಊರಿನಲ್ಲಿ ಇದ್ದೇವೆ ಎಂಬುದಕ್ಕೆ ದಾಖಲೆಯೇ ಇಲ್ಲ. ಅನಾಹುತವಾದರೆ ನಮ್ಮನ್ನು ಎಲ್ಲಿ ಅಂತ ಹುಡುಕಬೇಕು, ಹೇಳಿ.

ಆಮೇಲೆ ಬಂತು ಏಜೆನ್ಸಿಯವರ ಆ ಫೋನು. ಪಕ್ಕದ ಊರಿನ ಶಾಲೆಗೆ ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದಿದ್ದಾರಂತೆ. ಇವತ್ತು ಕ್ಲಾಸಿಗೆ ಹೋಗಬೇಡಿ, ರೂಮಿನಲ್ಲೇ ಇರಿ. ಯಾರಾದರೂ ಕೇಳಿದರೆ ಸ್ನೇಹಿತರನ್ನು ನೋಡಲು ಬಂದ ಪ್ರವಾಸಿ ಅಂತ ಹೇಳಿ. ಊರಿನಲ್ಲಿ ಮಕ್ಕಳ ಎದುರು ತಲೆಯೆತ್ತಿ ನಿಲ್ಲುವ ಟೀಚರ್‌ಗಳು ನಾವು, ಅಲ್ವಾ? ಪರದೇಶದಲ್ಲಿ ಪರದೆ ಎಳೆದುಕೊಂಡು, ಗೇಟಿನ ಸದ್ದಾದರೆ ಬೆಚ್ಚಿಬೀಳುತ್ತಾ ಕೂತಿದ್ದೆವು. ನನ್ನ ಜೊತೆಗಿದ್ದ ಕೇರಳದ ಹುಡುಗಿ ಅಳುತ್ತಲೇ ಇದ್ದಳು. ಅವಳ ಪಾಸ್‌ಪೋರ್ಟನ್ನು ‘ವೀಸಾ ಕೆಲಸಕ್ಕೆ’ ಅಂತ ಕೋಆರ್ಡಿನೇಟರ್ ಇಸಿದುಕೊಂಡಿದ್ದ. ನನ್ನದನ್ನೂ ಕೇಳಿದ್ದ. ಇಮಿಗ್ರೇಷನ್ ಕಚೇರಿಗೆ ನಾನೇ ಜೊತೆಗೆ ಬಂದು ಕೊಡುತ್ತೇನೆ ಅಂದಿದ್ದಕ್ಕೆ ಸುಮ್ಮನಾಗಿದ್ದ. ಅವಳು ಊರಿಗೆ ಹೋಗುತ್ತೇನೆ ಅಂದಾಗ ಶುಲ್ಕದ ಉಳಿದ ಕಂತು ಕಟ್ಟಿ ಪಾಸ್‌ಪೋರ್ಟ್ ತಗೋ ಅಂದ. ಭಾರತದ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಹಾಗಂತ ಇದೆ. ದುಡ್ಡಿಗಾಗಿ ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಈ ಮಾತನ್ನು ಬರೆದು, ಬ್ಯಾಂಕಾಕ್‌ನ ನಮ್ಮ ರಾಯಭಾರ ಕಚೇರಿಗೆ ಪ್ರತಿ ಹಾಕಿ ಮೇಲ್ ಕಳಿಸಿದೆವು. ಮರುದಿನವೇ ಪಾಸ್‌ಪೋರ್ಟ್ ತಂದುಕೊಟ್ಟ.

ಪ್ರವಾಸಿ ಮುದ್ರೆಯ ಅವಧಿ ಮುಗಿಯುತ್ತಾ ಬಂದಾಗ ಏಜೆನ್ಸಿಯವರು ಹೊಸ ದಾರಿ ತೋರಿಸಿದರು. ಇಮಿಗ್ರೇಷನ್‌ಗೆ ಹೋಗಿ 1,900 ಬಾತ್ ಕಟ್ಟಿ, ಇನ್ನೂ 30 ದಿನ ಪ್ರವಾಸ ಮಾಡುತ್ತೇನೆ ಅಂತ ಬರೆದುಕೊಡಿ. ಅದಾದಮೇಲೆ ನೊಂಗ್ ಖಾಯ್ ಸೇತುವೆ ದಾಟಿ ಲಾವೋಸ್‌ಗೆ ಹೋಗಿ, ವಾಪಸ್ ಬಂದರೆ ಹೊಸ ಮುದ್ರೆ ಸಿಗುತ್ತದೆ. ಅದಕ್ಕೆ ವ್ಯಾನೂ ಅವರದ್ದೇ, ಬಾಡಿಗೆಯೂ ಅವರಿಗೇ. ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆದು ಸಹಿ ಹಾಕುವುದಿಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳಿದೆ. ‘ಎಲ್ಲರೂ ಮಾಡ್ತಾರೆ’ ಅಂದರು. ಗಡಿಯಲ್ಲಿ ಪದೇ ಪದೇ ದಾಟುವವರನ್ನು ಅಧಿಕಾರಿಗಳು ಗುರುತಿಸುತ್ತಾರೆ, ಒಳಗೆ ಬಿಡದೆಯೂ ಇರಬಹುದು. ಆಗ ನಿಮ್ಮ ಬಟ್ಟೆಬರೆ, ಪುಸ್ತಕ ಎಲ್ಲ ಆ ದಡದಲ್ಲಿ, ನೀವು ಈ ದಡದಲ್ಲಿ.

ಹೊರಡುವ ವಿಷಯ ಹೇಳಲು ಮುಖ್ಯ ಶಿಕ್ಷಕರ ಹತ್ತಿರ ಹೋದೆ. ಅನುವಾದಕ್ಕೆ ಫಿಲಿಪ್ಪೀನ್ಸ್ ಟೀಚರ್ ಇದ್ದರು. ನನಗೆ ಪರ್ಮಿಟ್ ಇಲ್ಲ ಅಂತ ಕೇಳಿ ಮುಖ್ಯ ಶಿಕ್ಷಕರ ಮುಖ ಬಿಳುಚಿಕೊಂಡಿತು. ಪರ್ಮಿಟ್ ಇಲ್ಲದವರನ್ನು ಇಟ್ಟುಕೊಂಡರೆ ಶಾಲೆಗೂ ದಂಡ ಇದೆ, ತಲೆಗೆ 10,000ದಿಂದ ಒಂದು ಲಕ್ಷ ಬಾತ್ ತನಕ. ಅವರು ಕಪಾಟಿನಿಂದ ರಸೀದಿಗಳನ್ನು ತೆಗೆದು ತೋರಿಸಿದರು. ಪ್ರತಿ ತಿಂಗಳೂ ಶಾಲೆ ನಮ್ಮ ಹೆಸರಲ್ಲಿ ಏಜೆನ್ಸಿಗೆ ದುಡ್ಡು ಕಟ್ಟುತ್ತಿತ್ತು, ಟೀಚರ್ ಸಂಬಳ ಅಂತ. ನಾವು ಸೇವೆಗೆ ಅಂತ ದುಡ್ಡು ಕೊಟ್ಟು ಹೋಗಿದ್ದೆವು. ಹಳ್ಳಿ ಶಾಲೆಯ ಬಡ ಪಾಲಕರ ದುಡ್ಡೂ ಏಜೆನ್ಸಿಯವರ ಜೇಬಿಗೆ, ನಮ್ಮ ಉಳಿತಾಯವೂ ಅವರ ಜೇಬಿಗೆ. ಈಗಲೂ ನನಗೆ ಕೋಪ ಬರುವುದು ಇದಕ್ಕೇ.

ಹಾಗಂತ ಯಾರೂ ಹೋಗಲೇಬೇಡಿ ಅನ್ನುತ್ತಿಲ್ಲ. ಕಾನೂನಿನ ಪ್ರಕಾರ ಕರೆಸಿಕೊಳ್ಳುವ ಶಾಲೆಗಳಿವೆ. ಅಂಥ ಶಾಲೆ ನಿಮ್ಮ ಹೆಸರಿಗೆ ಆಹ್ವಾನ ಪತ್ರ ಕಳಿಸುತ್ತದೆ. ಅದನ್ನು ಇಟ್ಟುಕೊಂಡು ನೀವು ಇಲ್ಲಿಂದಲೇ ವೀಸಾಗೆ ಅರ್ಜಿ ಹಾಕಬೇಕು. 2025ರ ಜನವರಿಯಿಂದ ಆನ್‌ಲೈನ್‌ನಲ್ಲೇ ಹಾಕಬಹುದು. ಪತ್ರದ ಬಗ್ಗೆ ಅನುಮಾನ ಬಂದರೆ ಚೆನ್ನೈನಲ್ಲಿರುವ ಥಾಯ್ ಕಾನ್ಸುಲೇಟ್‌ಗೆ ಮೇಲ್ ಮಾಡಿ ಕೇಳಿ. ಏಜೆನ್ಸಿಯನ್ನು ಬಿಟ್ಟು ನೇರವಾಗಿ ಶಾಲೆಯವರ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿಸಿ ಅನ್ನಿ. ನನ್ನ ಪರ್ಮಿಟ್‌ಗೆ ಅರ್ಜಿ ಹಾಕುವವರು ಯಾರು, ನನ್ನ ಹೆಸರಲ್ಲಿ ನೀವು ಏಜೆನ್ಸಿಗೆ ಎಷ್ಟು ಕಟ್ಟುತ್ತಿದ್ದೀರಿ ಅಂತ ಶಾಲೆಯವರನ್ನೇ ಕೇಳಿ. ಇನ್ನೊಂದು ಗುರುತು ಹೇಳುತ್ತೇನೆ. ಮಕ್ಕಳ ಜೊತೆ ಕೆಲಸ ಮಾಡುವವರಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಕೇಳದ ಸಂಸ್ಥೆಗೆ ಮಕ್ಕಳ ಬಗ್ಗೆಯೂ ಕಾಳಜಿ ಇಲ್ಲ, ನಿಮ್ಮ ಬಗ್ಗೆಯೂ ಇಲ್ಲ.

ಸ್ಕೂಟರ್ ಕೊಡುತ್ತೇವೆ ಅಂದರೆ ಊರಿನ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ, ಅದರಲ್ಲಿ ದ್ವಿಚಕ್ರ ವಾಹನದ ಮುದ್ರೆ ಇರಲಿ. ಲೈಸೆನ್ಸ್ ಇಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆ ಬಿಲ್ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಥಾಯ್ಲೆಂಡಿನಲ್ಲಿ ನೌಕರಿ ಅಂತ ಟೂರಿಸ್ಟ್ ಆಗಿ ಕರೆಸಿ, ಮೇ ಸೋಟ್ ಪಟ್ಟಣದ ಕಡೆಯಿಂದ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ಸೇರಿಸುತ್ತಾರೆ. 2022ರಲ್ಲೇ ವಿದೇಶಾಂಗ ಸಚಿವಾಲಯ ಇದರ ಬಗ್ಗೆ ಎಚ್ಚರಿಸಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾಯಿತು. ವಿಮಾನ ನಿಲ್ದಾಣದಿಂದ ಕರೆದೊಯ್ಯುವ ಗಾಡಿ ಹೇಳಿದ ಊರಿನ ದಾರಿ ಬಿಟ್ಟು ಪಶ್ಚಿಮದ ಗಡಿ ಕಡೆ ತಿರುಗಿದರೆ, ಪೆಟ್ರೋಲ್ ಬಂಕ್‌ನಲ್ಲಿ ಇಳಿದುಬಿಡಿ.

ಈಗಾಗಲೇ ಅಲ್ಲಿ ಹೋಗಿ ಸಿಕ್ಕಿಕೊಂಡವರು ಇದನ್ನು ಓದುತ್ತಿದ್ದರೆ, ಮೊದಲು ಪಾಸ್‌ಪೋರ್ಟ್ ನಿಮ್ಮ ಕೈಗೆ ತಗೊಳ್ಳಿ. ಮುದ್ರೆಯಲ್ಲಿರುವ ತಾರೀಕು ದಾಟುವ ಮುಂಚೆ ಹೊರಡಿ. ದಾಟಿದರೆ ದಿನಕ್ಕೆ 500 ಬಾತ್, ಹೆಚ್ಚೆಂದರೆ 20,000 ಬಾತ್ ದಂಡ. ಏಜೆನ್ಸಿಯವರ ಮೇಲ್, ವಾಟ್ಸಾಪ್ ಸಂದೇಶ, ದುಡ್ಡು ಕಟ್ಟಿದ ದಾಖಲೆ ಎಲ್ಲ ಉಳಿಸಿ, ಮನೆಯವರಿಗೂ ಕಳಿಸಿ. ಬ್ಯಾಂಕಾಕ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಚಿಯಾಂಗ್ ಮಾಯ್‌ನಲ್ಲಿ ಕಾನ್ಸುಲೇಟ್ ಇದೆ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ಆನ್‌ಲೈನ್‌ನಲ್ಲೇ ದೂರು ಕೊಡಬಹುದು. ದುಡ್ಡು ಕಟ್ಟಿದ್ದು ಕರ್ನಾಟಕದಲ್ಲಾಗಿದ್ದರೆ ನಿಮ್ಮೂರಿನ ಪೊಲೀಸ್ ಠಾಣೆಯಲ್ಲೂ ದೂರು ದಾಖಲಿಸಿ. ನಾನು ದೂರು ಕೊಟ್ಟಿದ್ದೇನೆ, ಶುಲ್ಕ ಇನ್ನೂ ವಾಪಸ್ ಬಂದಿಲ್ಲ. ಇಂಥದ್ದೇ ಆದವರು ಬೇರೆಯವರಿದ್ದರೆ ನೀವೂ ದೂರು ಕೊಡಿ. ಒಬ್ಬರ ದೂರಿಗಿಂತ ಹತ್ತು ಜನರ ದೂರನ್ನು ಠಾಣೆಯವರು ಬೇಗ ಕೈಗೆತ್ತಿಕೊಳ್ಳುತ್ತಾರೆ.